ಬೇರು ಹೊರಗೆ ಬಂದ ಮಾನ್‌ಸ್ಟೆರಾ: ಜೂನ್‌ನಲ್ಲಿ ಪಾಟ್ ಬದಲಿಸಬಹುದಾ?

ಬದಲಿಸಬಹುದು, ಆದರೆ ನಾನಾಗಿದ್ದರೆ ಈಗ ಕೈ ಹಾಕುವುದಿಲ್ಲ. ಮನೆ ಮಡಿಕೇರಿಯಲ್ಲಿ, ಗಿಡ (ಎಲೆಯಲ್ಲಿ ತೂತು ಬೀಳುವ ಅಲಂಕಾರದ ಬಳ್ಳಿ) 8 ಇಂಚಿನ ಪಾಟ್‌ನಲ್ಲಿ, ಬೇರು ಅಡಿಯ ತೂತಿನಿಂದ ಇಣುಕುತ್ತಿದೆ, 12 ಇಂಚಿನ ಪಾಟ್ ತಂದಾಗಿದೆ, ತೋಟದ ಮಣ್ಣು ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಬೇರು ಇಣುಕಿದ ಮಾತ್ರಕ್ಕೆ ಗಿಡಕ್ಕೆ ಏನೂ ಆಗುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಮಳೆ ಬಿಡುವವರೆಗೆ ಆರಾಮಾಗಿ ಇರುತ್ತದೆ. ಅದಕ್ಕಿಂತ ಒಳ್ಳೆಯ ಸಮಯ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ) ಬಿದ್ದ ಮೇಲೆ, ಏಪ್ರಿಲ್‌ನಲ್ಲಿ.

ನಾನು ಅವಸರ ಮಾಡಿ ಇಂಥದ್ದೇ ಒಂದು ಗಿಡ ಕೊಂದಿದ್ದೇನೆ. ಮಳೆ ಹಿಡಿಯುವ ವಾರ ಅದು, ಕಾಫಿ ಸಸಿಗೆ ಅಂತ ಕಲಸಿದ ಮಣ್ಣು ಮಿಕ್ಕಿತ್ತು. 6 ಪಾಲು ಕಾಡುಮಣ್ಣು, 2 ಪಾಲು ಹಳೇ ಸಗಣಿ ಗೊಬ್ಬರ, 1 ಪಾಲು ಮರಳು, ನಮ್ಮಲ್ಲಿ ಗೊತ್ತಿರುವ ಲೆಕ್ಕವೇ. ಕಾಫಿ ಸಸಿಗೆ ಒಗ್ಗುವುದು ಇದಕ್ಕೇನು ದಾಡಿ ಅಂತ ದೊಡ್ಡ ಪಾಟ್ ತುಂಬಾ ಅದನ್ನೇ ಸುರಿದೆ. ಕಕ್ಕಡ (ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳು) ಬರುವ ಹೊತ್ತಿಗೆ ಕೆಳಗಿನ ಎಲೆ ಒಂದೊಂದೇ ಹಳದಿ. ಬಾಡಿದೆ ಪಾಪ ಅಂತ ಅವ್ವ ಬೇರೆ ದಿನಾ ಒಂದು ಚೊಂಬು ನೀರು ಹಾಕುತ್ತಿದ್ದರು. ಕಿತ್ತು ನೋಡಿದರೆ ಬೇರೆಲ್ಲ ಕಂದು, ಮುಟ್ಟಿದರೆ ಸಿಪ್ಪೆ ಜಾರುತ್ತಿತ್ತು, ಕೊಳೆತ ವಾಸನೆ.

ನೀವು ಮರಕೆಸ ನೋಡಿರುತ್ತೀರಲ್ವಾ, ಮಳೆ ಶುರುವಾದ ಮೇಲೆ ಮರದ ಕವಲಲ್ಲಿ ಪಾಚಿಯ ಮಧ್ಯೆ ಏಳುತ್ತದೆ, ಪತ್ರೊಡೆಗೆ ಕೊಯ್ಯುತ್ತೇವೆ. ಮಾನ್‌ಸ್ಟೆರಾ ಕೂಡ ಅದೇ ಕೆಸುವಿನ ಕುಟುಂಬದ್ದು. ಊರು ಮಾತ್ರ ದೂರ, ದಕ್ಷಿಣ ಮೆಕ್ಸಿಕೋದಿಂದ ಪನಾಮದವರೆಗಿನ ಕಾಡು. ಅಲ್ಲಿ ಅದು ನಮ್ಮ ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬುವ ಹಾಗೆ ಮರ ಹತ್ತುತ್ತದೆ. ಅಷ್ಟು ಮಳೆಯಲ್ಲೂ ಮರಕೆಸ ಕೊಳೆಯುವುದಿಲ್ಲ, ಯಾಕೆಂದರೆ ಮರದ ಕವಲಲ್ಲಿ ನೀರು ನಿಲ್ಲುವುದಿಲ್ಲ, ಬೇರಿಗೆ ಗಾಳಿ ಸಿಗುತ್ತದೆ. ನಿಮ್ಮ ಪಾಟ್ ಒಳಗೂ ಹಾಗೆ ಇರಬೇಕು.

ಹಾಗಾಗಿ ತೋಟದ ಮಣ್ಣು ಬೇಡವೇ ಬೇಡ. ನಾನು ಈಗ ಹಾಕುವುದು 2 ಪಾಲು ತೆಂಗಿನ ಸಿಪ್ಪೆಯ ತುಂಡು (ಒಂದು ರಾತ್ರಿ ನೆನೆಸಿ ಆ ನೀರು ಚೆಲ್ಲಿ, ಉಪ್ಪು ಬಿಡುತ್ತದೆ), 1 ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), 1 ಪಾಲು ಚೆನ್ನಾಗಿ ಕಳಿತ ಗೊಬ್ಬರ, ಮೇಲೆ ಬಚ್ಚಲೊಲೆಯ ಇದ್ದಿಲು ಪುಡಿ ಮಾಡಿ ಎರಡು ಹಿಡಿ. ಕಾಫಿ ಸಿಪ್ಪೆ ಹಾಕುವುದಾದರೆ ಪೂರ್ತಿ ಗೊಬ್ಬರ ಆಗಿರಲಿ, ಹಸಿಯದು ಬಿಸಿಯೇಳುತ್ತದೆ. ಅಡಿಗೆ ಜಲ್ಲಿ ಹಾಕುವುದು ಸುಮ್ನೆ. ನೀರು ಅದರ ಮೇಲಿನ ಮಣ್ಣಲ್ಲೇ ನಿಲ್ಲುತ್ತದೆ, ಬೇರಿಗೆ ಜಾಗವೂ ಕಮ್ಮಿ.

ಪಾಟ್ 10 ಇಂಚಿನದು ಸಾಕು. ಒಂದೇ ಸಲ 4 ಇಂಚು ದೊಡ್ಡದು ಮಾಡಿದರೆ ಬೇರು ಮುಟ್ಟದ ಮಣ್ಣು ಜಾಸ್ತಿ ಉಳಿಯುತ್ತದೆ, ಒಗೆದ ಬಟ್ಟೆಯೇ ನಾಲ್ಕು ದಿನ ಒಣಗದ ಊರಲ್ಲಿ ಆ ಮಣ್ಣು ಯಾವಾಗ ಒಣಗಬೇಕು ಹೇಳಿ.

ತೆಗೆಯುವಾಗ ಗಿಡವನ್ನು ಹಿಡಿದು ಎಳೆಯಬೇಡಿ. ಪಾಟ್ ಮಲಗಿಸಿ, ಸುತ್ತಲೂ ತಟ್ಟಿ, ಮೆಲ್ಲಗೆ ಜಾರಿಸಿ. ಸುತ್ತು ಹಾಕಿದ ಬೇರನ್ನು ಬೆರಳಿಂದ ಬಿಡಿಸಿ, ಕೊಳೆತದ್ದನ್ನು ಮಾತ್ರ ಶುಭ್ರವಾದ ಕತ್ತರಿಯಿಂದ ಕತ್ತರಿಸಿ. ಕಾಂಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಇರಲಿ. ಕೋಲು ಕೊಡುವುದಿದ್ದರೆ ಪಾಟ್ ಬದಲಿಸುವಾಗಲೇ ನೆಡಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ತೆಂಗಿನ ನಾರು ಸುತ್ತಿದ ಯಾವ ಗಟ್ಟಿ ಕೋಲಾದರೂ ಆಗುತ್ತದೆ. ಕೈಗವಸು ಹಾಕಿಕೊಳ್ಳಿ, ಇದರ ರಸ ತಾಗಿದರೆ ಕೆಸದ ಹಾಗೇ ತುರಿಸುತ್ತದೆ. ಮಕ್ಕಳು, ನಾಯಿಮರಿ ಎಲೆ ಕಚ್ಚದಂತೆ ನೋಡಿಕೊಳ್ಳಿ.

ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಡಿ, ಆಮೇಲೆ ಬೆರಳು ಎರಡು ಗೆಣ್ಣು ಒಳಗೆ ಹಾಕಿ ಒಣಗಿದ್ದರೆ ಮಾತ್ರ. ಒಂದೆರಡು ವಾರ ಎಲೆ ಜೋತು ಬಿದ್ದೀತು, ಗಾಬರಿಯಾಗಿ ಗೊಬ್ಬರ ಸುರಿಯಬೇಡಿ. ಒಂದು ತಿಂಗಳು ಅದರ ಪಾಡಿಗೆ ಬಿಡಿ.

ಒಂದು ಮಾತು ಬಿಟ್ಟೆ. ಈಗಲೇ ಎಲೆ ಹಳದಿಯಾಗಿ ಮಣ್ಣು ವಾಸನೆ ಬರುತ್ತಿದ್ದರೆ ಕಕ್ಕಡವಾದರೂ ಸರಿ, ಕಾಯಬೇಡಿ, ಇವತ್ತೇ ಬಿಚ್ಚಿ. ಆ 12 ಇಂಚಿನ ಪಾಟ್ ವಾಪಸ್ ಕೊಡಬೇಡಿ, ಎರಡು ವರ್ಷಕ್ಕೆ ಹೇಗೂ ಬೇಕಾಗುತ್ತದೆ.