‘ಮೀಕ್ಸ್ ಕಟಾಫ್’ ಸಿನಿಮಾದಲ್ಲಿ ಏನೂ ನಡೆಯುವುದೇ ಇಲ್ಲವಲ್ಲ, ಕೊನೆಯೂ ಇಲ್ಲ. ಜನ ಯಾಕಿಷ್ಟು ಮೆಚ್ಚುತ್ತಾರೆ?

ನಡೆಯುತ್ತದೆ. ಚಿತ್ರದ ವಲಸೆಗಾರ ಹೆಂಗಸರಲ್ಲಿ ಒಬ್ಬಳಾದ ಎಮಿಲಿಯನ್ನೇ ಹಿಂಬಾಲಿಸಿ ನೋಡಿ.

1845ರಲ್ಲಿ ಅಮೆರಿಕದ ಪಶ್ಚಿಮದ ಆರೆಗನ್ ಕಡೆ ಹೊರಟ ವಲಸೆಗಾರರ ದೊಡ್ಡ ತಂಡವೊಂದು ಸ್ಟೀಫನ್ ಮೀಕ್ ಎಂಬಾತನ ಮಾತು ನಂಬಿ ಒಳದಾರಿ ಹಿಡಿದು, ಒಣ ಬಯಲಲ್ಲಿ ನೀರಿಲ್ಲದೆ ಅಲೆದಿತ್ತು. ನೂರಾರು ಬಂಡಿಗಳ ಆ ಕತೆಯನ್ನು ನಿರ್ದೇಶಕಿ ಕೆಲ್ಲಿ ರೈಕಾರ್ಟ್ 2010ರ ಈ ಚಿತ್ರದಲ್ಲಿ ಮೂರು ಬಂಡಿ, ಮೂರು ಸಂಸಾರಕ್ಕೆ ಇಳಿಸಿದ್ದಾರೆ.

ಮೊದಮೊದಲು ಗಂಡಸರು ದೂರ ನಿಂತು ಮೀಕ್‌ನನ್ನು ಏನು ಮಾಡುವುದೆಂದು ಮಾತಾಡಿಕೊಳ್ಳುತ್ತಾರೆ. ನಮಗೆ ಅರ್ಧಂಬರ್ಧ ಕೇಳಿಸುತ್ತದೆ. ಹೆಂಗಸರಿಗೂ ಅಷ್ಟೇ. ತಮ್ಮ ಜೀವದ ತೀರ್ಮಾನ ಅಲ್ಲೆಲ್ಲೋ ಆಗುತ್ತಿದ್ದರೂ ಅವರಿಗೆ ಕೈಬಿಡುವಿಲ್ಲದ ಕೆಲಸ. ಚೌಕದಂಥ ಫ್ರೇಮ್ ಕೂಡ, ಅವರು ತೊಟ್ಟ ಬಾನೆಟ್ ಟೋಪಿಯೊಳಗಿಂದ ನೋಡಿದಂತೆ, ಎರಡೂ ಪಕ್ಕ ಮುಚ್ಚಿಬಿಡುತ್ತದೆ. ವೆಸ್ಟರ್ನ್ (ಅಮೆರಿಕದ ಪಶ್ಚಿಮದ ಕತೆ ಹೇಳುವ ಸಿನಿಮಾ) ಅಂದರೆ ಅಗಲ ಪರದೆ ಎಂದು ರೂಢಿಯಾದ ನಮಗೆ ಉಸಿರುಗಟ್ಟುವುದು ಸಹಜ.

ನನಗೆ ಬಹಳ ಇಷ್ಟವಾದದ್ದು ಬಂದೂಕಿನ ದೃಶ್ಯ. ಅಪರಿಚಿತ ಇಂಡಿಯನ್ (ಅಮೆರಿಕದ ಮೂಲನಿವಾಸಿ) ಒಬ್ಬನನ್ನು ಕಂಡ ಎಮಿಲಿ (ಮಿಶೆಲ್ ವಿಲಿಯಮ್ಸ್) ಓಡಿಬಂದು ಗುಂಡು ಹಾರಿಸಿ ಉಳಿದವರನ್ನು ಎಚ್ಚರಿಸುತ್ತಾಳೆ. ಇನ್ನೊಂದು ಹಾರಿಸಬೇಕು. ಮದ್ದು ಸುರಿಯಬೇಕು, ಗುಂಡು ಹಾಕಬೇಕು, ನಳಿಕೆಯೊಳಗೆ ಉದ್ದನೆಯ ಕಡ್ಡಿ ಇಳಿಸಿ ಒತ್ತಬೇಕು. ಕ್ಯಾಮೆರಾ ಅವಸರಪಡದೆ ನೋಡುತ್ತಾ ನಿಲ್ಲುತ್ತದೆ. ಎರಡನೇ ಗುಂಡಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಇಲ್ಲೇ ನಮಗೆ ಗೊತ್ತಾಗುವುದು. ಮುಂದೆ ಮೀಕ್ ಆ ಇಂಡಿಯನ್‌ನ ಮೇಲೆ ಗುರಿ ಹಿಡಿದಾಗ ಎಮಿಲಿ ಮೀಕ್‌ನತ್ತಲೇ ಬಂದೂಕು ತಿರುಗಿಸುತ್ತಾಳಲ್ಲ, ಅಲ್ಲಿ ನನ್ನ ಎದೆ ಹೊಡೆದುಕೊಂಡದ್ದು ಅದಕ್ಕೇ. ಗುರಿ ತಪ್ಪಿದರೆ ಮತ್ತೆ ತುಂಬಲು ಹೊತ್ತೆಲ್ಲಿದೆ? ಈ ನಿಧಾನವನ್ನು ಕತ್ತರಿಸಿದ್ದರೆ ಆ ಭಯವೇ ಹುಟ್ಟುತ್ತಿರಲಿಲ್ಲ.

ಸೆರೆಯಾದ ಆ ಇಂಡಿಯನ್‌ನ ಹರಿದ ಪಾದರಕ್ಷೆಯನ್ನು ಎಮಿಲಿ ಹೊಲಿದುಕೊಡುವುದೂ ಬರೀ ಕರುಣೆಯಿಂದಲ್ಲ. ಅವನು ತನ್ನ ಋಣದಲ್ಲಿರಲಿ ಎಂದು ಅವಳೇ ಹೇಳುತ್ತಾಳೆ. ಅವನ ಮಾತಿಗೆ ಸಬ್‌ಟೈಟಲ್ ಇಲ್ಲ. ಅವನು ನೀರಿನ ಕಡೆ ಕರೆದೊಯ್ಯುತ್ತಿದ್ದಾನೋ ಸಾವಿನ ಕಡೆಗೋ, ಅವಳಂತೆ ನಾವೂ ಅರಿಯೆವು.

ಕೊನೆಗೆ ಮೀಕ್ ಕೂಡ ಎಮಿಲಿಗೂ ಅವಳ ಗಂಡನಿಗೂ, ಇನ್ನು ನೀವು ಹೇಳಿದಂತೆ ಎನ್ನುತ್ತಾನೆ. ಗಂಡಸರ ಮಾತೂ ಕೇಳಿಸದಷ್ಟು ದೂರ ನಿಂತಿದ್ದವಳ ಮೇಲೆ ಈಗ ಎಲ್ಲರ ಜೀವದ ಭಾರ. ನನ್ನ ಮಟ್ಟಿಗೆ ಕತೆ ಮುಗಿಯುವುದು ಅಲ್ಲೇ. ನೀರು ಸಿಕ್ಕಿತೋ ಇಲ್ಲವೋ ತೋರಿಸಿದ್ದರೆ ಅವಳ ನಂಬಿಕೆ ಸರಿಯೋ ತಪ್ಪೋ ಎಂಬ ಲೆಕ್ಕಕ್ಕೆ ಇಳಿದುಬಿಡುತ್ತಿದ್ದೆವು.

ಮೊಬೈಲಿನಲ್ಲಿ ನೋಡಿದ್ದರೆ ದೊಡ್ಡ ಪರದೆಯಲ್ಲಿ, ದೀಪ ಆರಿಸಿ ಇನ್ನೊಮ್ಮೆ ನೋಡಿ. ಲಾಟೀನಿನ ಬೆಳಕಿನ ರಾತ್ರಿ ದೃಶ್ಯಗಳು ಸಣ್ಣ ಪರದೆಯಲ್ಲಿ ಬರೀ ಕಪ್ಪಾಗಿ ಕಾಣುತ್ತವೆ.