ಮದುವೆಯಾಗಿ ಏಳು ವರ್ಷ. ಜಗಳ ಇಲ್ಲ, ಮನಸ್ಸು ಬಿಚ್ಚಿದ ಮಾತೂ ಇಲ್ಲ. ಏನು ಮಾಡೋದು?

"ಗ್ಯಾಸ್ ಬುಕ್ ಆಯ್ತಾ, ಕರೆಂಟ್ ಬಿಲ್ ಕಟ್ಟಿದ್ರಾ", ನಿಮ್ಮಲ್ಲಿ ಇಷ್ಟೇ ಮಾತು ಅಂದಿದ್ದೀರಿ. ಉಡುಪಿಯ ನಮ್ಮ ಮನೆಯಲ್ಲೂ ಹೀಗೇ ಇತ್ತು ಮಾರಾಯ್ರೆ.

ಎದುರುಬದುರು ಕೂತು "ಮಾತಾಡೋಣ" ಅಂದರೆ ಇಂಟರ್‌ವ್ಯೂ ಥರ ಆಗುತ್ತದೆ. ಪಕ್ಕಪಕ್ಕ ನಡೆಯುವಾಗ ಸುಲಭ. ನಾವು ಭಾನುವಾರ ಸಂಜೆ ಮಲ್ಪೆ ಬೀಚಿಗೆ ಹೋಗುತ್ತೇವೆ. ಮೊಬೈಲ್ ಸ್ಕೂಟರಿನ ಸೀಟಿನಡಿ, ಇಬ್ಬರಿಗೂ ಸೇರಿ ಒಂದೇ ಪೊಟ್ಟಣ ಚುರುಮುರಿ. ಒಂದು ದಿನ ಅವಳು ಸಮುದ್ರ ನೋಡುತ್ತಲೇ ಅಂದಳು: "ಅತ್ತೆ ಎಲ್ಲರೆದುರು ಸಾರಿಗೆ ಉಪ್ಪು ಜಾಸ್ತಿ ಅಂದಾಗ ನೀವು ಸುಮ್ನೆ ಊಟ ಮಾಡ್ತಾ ಇದ್ರಿ." ನಾಲ್ಕು ವರ್ಷದ ಹಿಂದಿನ ಸಾರು! ಉತ್ತರ ನನ್ನ ನಾಲಿಗೆ ತುದಿಯಲ್ಲೇ ಇತ್ತು. ನುಂಗಿಕೊಂಡು "ಮತ್ತೆ?" ಅಂದೆ. ಕತ್ತಲಾಗುವವರೆಗೆ ಅವಳೇ ಮಾತಾಡಿದಳು.

ನೀವು ಹೇಳುವಾಗಲೂ "ನೀನು ಯಾವಾಗಲೂ ಹೀಗೇ" ಅಂತ ಶುರು ಮಾಡಬೇಡಿ. "ಆವತ್ತು ನನಗೆ ಬೇಜಾರಾಯ್ತು" ಅನ್ನಿ. ತುಳುವಿನಲ್ಲೋ ಕೊಂಕಣಿಯಲ್ಲೋ, ಮನೆಮಾತಿನಲ್ಲೇ ಹೇಳಿ.

ಎಲ್ಲವೂ ಇತ್ಯರ್ಥ ಆಗಲೇಬೇಕು ಅಂತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಅವರ ಅಧ್ಯಯನದ ಪ್ರಕಾರ, ಗಂಡಹೆಂಡಿರ ತಕರಾರುಗಳಲ್ಲಿ ಸುಮಾರು 69% ಪೂರ್ತಿ ಬಗೆಹರಿಯುವುದೇ ಇಲ್ಲ. ನಮ್ಮಲ್ಲಿ ಫ್ಯಾನ್ ಸ್ಪೀಡಿನ ಜಗಳ ಇನ್ನೂ ನಡೆಯುತ್ತಿದೆ.

ಆದರೆ ಮಾತಾಡಲು ಹೆದರಿಕೆ, ಹೊಡೆತ ಇರುವ ಮನೆಗೆ ಇದು ಉಪಾಯವಲ್ಲ. ಅಲ್ಲಿ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಬೇಕು.