ಜೆರ್ಸಿ ಸಿಟಿಯ ಚಾರ್ಟರ್ ಶಾಲೆಯ ಮಕ್ಕಳ ಅಂಕಿಅಂಶ ನೋಡಿ ಸೇರಿಸಬಹುದಾ?

ಬೆಂಗಳೂರಿಂದ ಅಮೆರಿಕದ ನ್ಯೂಜೆರ್ಸಿಯ ಈ ಊರಿಗೆ ಬರ್ತಿದ್ದೀವಿ, ಮನೆ ಹತ್ತಿರದ ಚಾರ್ಟರ್ ಶಾಲೆಯ ವರದಿಯಲ್ಲಿ ಏಷ್ಯನ್ ಮಕ್ಕಳು ಕಡಿಮೆ, ಅರ್ಧಕ್ಕಿಂತ ಹೆಚ್ಚು ಮಕ್ಕಳು 'ಆರ್ಥಿಕವಾಗಿ ಹಿಂದುಳಿದವರು' ಅಂತಿದೆ, ಸೇರಿಸಬಹುದಾ ಅಂತ ಕೇಳಿದ್ದೀರಿ. ನನ್ನ ಮಗಳು ಇದೇ ಊರಿನ ಒಂದು ಚಾರ್ಟರ್ ಶಾಲೆಯಲ್ಲಿ ಓದ್ತಾಳೆ. ಆ ಎರಡು ಸಾಲನ್ನು ಸ್ವಲ್ಪ ಹೊತ್ತು ಮರೆತು, ತರಗತಿವಾರು ಮಕ್ಕಳ ಸಂಖ್ಯೆ ಮೊದಲು ನೋಡಿ ಅಂತೀನಿ.

ಯಾಕೆಂದರೆ ಚಾರ್ಟರ್ ಶಾಲೆ ಅಂದರೆ ಸರ್ಕಾರಿ ದುಡ್ಡಿನ, ಫೀಸಿಲ್ಲದ ಶಾಲೆ. ನಡೆಸೋದು ಮಾತ್ರ ಪ್ರತ್ಯೇಕ ಮಂಡಳಿ. ಅರ್ಜಿ ಜಾಸ್ತಿ ಬಂದರೆ ಲಾಟರಿ. ಊರಿನವರಿಗೆ ಆದ್ಯತೆ, ಈಗಾಗಲೇ ಓದ್ತಿರೋ ಮಕ್ಕಳ ಅಣ್ಣತಮ್ಮ ಅಕ್ಕತಂಗಿಯರಿಗೂ ಆದ್ಯತೆ ಕೊಡಬಹುದು. ಕಿಂಡರ್‌ಗಾರ್ಟನ್‌ನಲ್ಲಿ 60 ಮಕ್ಕಳಿದ್ದು ಒಂದನೇ ತರಗತಿಯಲ್ಲೂ 60 ಇದ್ದರೆ, ಒಂದನೇ ತರಗತಿಗೆ ಬರೋ ನಿಮ್ಮ ಮಗುವಿಗೆ ಸಿಗೋದು ವೇಟಿಂಗ್ ಲಿಸ್ಟ್ ಮಾತ್ರ. ಮೇಲಿನ ತರಗತಿಗಳಲ್ಲಿ ಸಂಖ್ಯೆ ಇಳೀತಾ ಹೋಗಿದ್ದರೆ ಎರಡರಲ್ಲೊಂದು: ಶಾಲೆ ಹೊಸದು, ಇನ್ನೂ ಬೆಳೀತಿದೆ, ಇಲ್ಲವೇ ಮಕ್ಕಳು ಬಿಟ್ಟು ಹೋಗ್ತಿದ್ದಾರೆ, ಆ ಸೀಟು ತುಂಬ್ತಿಲ್ಲ. ಹಿಂದಿನ ಎರಡು ಮೂರು ವರ್ಷದ ವರದಿ ಪಕ್ಕದಲ್ಲಿಟ್ಟುಕೊಂಡರೆ ಯಾವುದು ಅಂತ ಗೊತ್ತಾಗುತ್ತೆ.

ಇನ್ನು ಜನಾಂಗದ ಲೆಕ್ಕ. ಈ ಊರಲ್ಲಿ ಹಿಸ್ಪ್ಯಾನಿಕ್ (ಲ್ಯಾಟಿನ್ ಅಮೆರಿಕ, ಸ್ಪೇನ್ ಮೂಲದವರು), ಏಷ್ಯನ್, ಬಿಳಿಯರು, ಕಪ್ಪು ಜನ ಎಲ್ಲರೂ ಹೆಚ್ಚುಕಡಿಮೆ ಕಾಲು ಕಾಲು ಭಾಗ. 'ಏಷ್ಯನ್' ಅಂದರೆ ನ್ಯೂಆರ್ಕ್ ಅವೆನ್ಯೂ ಕಡೆಯ ಗುಜರಾತಿಗಳು, ಫಿಲಿಪಿನೋಗಳು, ಚೀನೀಯರು, ಐಟಿಯ ನಾವು, ಎಲ್ಲ ಒಂದೇ ಖಾನೆ. ಇಲ್ಲಿ ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಬಹಳ ಜನ ಇದ್ದಾರೆ. 2024ರಲ್ಲಿ ಬದಲಾಗುವವರೆಗೂ ಫೆಡರಲ್ (ಕೇಂದ್ರ ಸರ್ಕಾರದ) ವ್ಯಾಖ್ಯೆ ಪ್ರಕಾರ ಅವರು ಬಿಳಿಯರೇ ಆಗಿದ್ದರು! ಇಂಥ ಖಾನೆ ನೋಡಿ ತರಗತಿ ಹೇಗಿರುತ್ತೆ ಅಂತ ಊಹಿಸೋಕೆ ಆಗಲ್ಲ.

'ಹಿಂದುಳಿದವರು' ಅನ್ನೋದಕ್ಕೂ ಹೆದರಬೇಡಿ. ಅದರ ಮೂಲ ಲೆಕ್ಕ ಶಾಲೆಯಲ್ಲಿ ಉಚಿತ ಅಥವಾ ರಿಯಾಯಿತಿ ಊಟದ ಅರ್ಹತೆ. ಫೆಡರಲ್ ಮಿತಿ ಬಡತನ ರೇಖೆಯ ಶೇ 185. 2024-25ರಲ್ಲಿ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 57,720 ಡಾಲರ್. ಇಲ್ಲಿನ ಬಾಡಿಗೆಗೆ ಅದು ಏನೇನೂ ಸಾಲದು, ಆದರೆ ಆ ಮನೆಗಳಲ್ಲಿ ಇಬ್ಬರೂ ದುಡಿಯೋರು ಇರಬಹುದು, ಮಕ್ಕಳ ಓದಿನ ಬಗ್ಗೆ ನಮ್ಮಷ್ಟೇ ಕಾಳಜಿ ಇರೋರು.

ನಾನು ನಿಜವಾಗಿ ಗಮನಿಸೋದು ಇನ್ನೆರಡು ಸಾಲು: ವಿಶೇಷ ಅಗತ್ಯದ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರೋ ಮಕ್ಕಳು. ಚಾರ್ಟರ್ ಶಾಲೆ ಆದಷ್ಟೂ ಊರಿನ ಮಕ್ಕಳ ಪ್ರತಿಬಿಂಬದಂತಿರಬೇಕು ಅಂತ ನ್ಯೂಜೆರ್ಸಿಯ 1995ರ ಕಾನೂನೇ ಹೇಳುತ್ತೆ. ಈ ಎರಡು ಸಂಖ್ಯೆ ಊರಿನ ಮಾಮೂಲಿ ಸರ್ಕಾರಿ ಶಾಲೆಗಳಿಗಿಂತ ತೀರಾ ಕಮ್ಮಿ ಇದ್ದರೆ, ಪರೀಕ್ಷೆ ಅಂಕ ಎಷ್ಟೇ ಚೆನ್ನಾಗಿರಲಿ, ಆ ಶಾಲೆಗಳ ಜೊತೆ ಅಂಕದ ಹೋಲಿಕೆ ಸಮಸಮ ಅಲ್ಲ.

ಸೇರಿಸುವಾಗ ಮನೆಭಾಷೆಯ ಫಾರ್ಮ್ ಕೊಡ್ತಾರೆ. ನಮ್ಮವರಲ್ಲಿ ಕೆಲವರು ಮಗುವಿಗೆ ಇಂಗ್ಲಿಷ್ ಟೆಸ್ಟ್ ಇಡ್ತಾರೆ ಅಂತ ಹೆದರಿ 'ಇಂಗ್ಲಿಷ್' ಬರೆದುಬಿಡ್ತಾರೆ. ಕನ್ನಡ ಅಂತಲೇ ಬರೆಯಿರಿ. ಇಂಗ್ಲಿಷ್ ಚೆನ್ನಾಗಿ ಬಂದರೆ ಅಲ್ಲಿಗೆ ಮುಗೀತು, ಬರದಿದ್ದರೆ ಬೇಕಾದ ನೆರವು ಪುಕ್ಕಟೆ ಸಿಗುತ್ತೆ.